ಮಳೆ ಬಂದರೆ ಕಷ್ಟವೇ?

ಇಂಗ್ಲಿಷರಿಗೂ ಮಳೆಗೂ ಅಷ್ಟಾಗಿ ಆಗಿಬರುವುದಿಲ್ಲ. ಕಷ್ಟದ ಮೇಲೆ ಕಷ್ಟ ಬಂದಾಗ ಅವರು ‘ಇಟ್ ನೆವರ್ ರೇನ್ಸ್ ಬಟ್ ಇಟ್ ಪೋರ್ಸ್’ ಎನ್ನುತ್ತಾರೆ. ಬಂದರೆ ಬರೀ ಹನಿಯಲ್ಲ, ಜಡಿಮಳೆಯೇ ಎಂಬುದು ಅದರ ಭಾವ. ಆಪತ್ತಿಗೆಂದು ಕೂಡಿಡುವ ನಾಲ್ಕು ಕಾಸು ಕೂಡ ಅವರಿಗೆ ‘ರೇನಿ ಡೇ’ಗೆ, ಅಂದರೆ ಮಳೆಯ ದಿನಕ್ಕೆ!

ಈ ಮಾತುಗಳನ್ನು ಪದಕ್ಕೆ ಪದವಿಟ್ಟು ಕನ್ನಡಿಸಿ ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ರೈತನಿಗೆ ಹೇಳಿದರೆ ಆತ ನಕ್ಕಾನು. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿನಲ್ಲಿರುವ ಈ ನೆಲದಲ್ಲಿ ಮಳೆಯ ದಿನವೆಂದರೆ ಹಬ್ಬದ ದಿನ. ಎಣ್ಣೆ ಗಿರಣಿಗಳಿಂದ ಹೆಸರಾದ ಚಳ್ಳಕೆರೆಯ ಹಣೆಬರಹ ಬರೆದದ್ದೇ ಮಳೆಯನ್ನು ನಂಬಿದ ಶೇಂಗಾ. ಹೂವು ಉದುರಿ ಎಳೆ ಸೂಜಿ ಮಣ್ಣಿಗಿಳಿಯುವ ಹೊತ್ತಿಗೆ ಮಳೆ ಕೈಕೊಟ್ಟರೆ ಬಳ್ಳಿಯಿದ್ದೂ ಕಾಯಿಯಿಲ್ಲ. ‘ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ’ ಎಂಬ ಮಾತಿಗೆ ಇಲ್ಲಿ ಬೇರೆ ವಿವರಣೆ ಬೇಡ.

ಇಂಗ್ಲಿಷಿನ ಜಡಿಮಳೆಗೆ ಕನ್ನಡದ ಸರಿಜೋಡಿ ‘ಬರಗಾಲದಲ್ಲಿ ಅಧಿಕ ಮಾಸ’. ಚಾಂದ್ರಮಾನದ ವರ್ಷಕ್ಕೆ ಸುಮಾರು 354 ದಿನ. ಸೌರವರ್ಷದೊಡನೆ ಹೊಂದಿಸಲು ಹೆಚ್ಚುಕಡಿಮೆ 32-33 ತಿಂಗಳಿಗೊಮ್ಮೆ ಒಂದು ತಿಂಗಳು ಹೆಚ್ಚಿಗೆ ಸೇರುತ್ತದೆ. ಹನ್ನೆರಡು ತಿಂಗಳೇ ಉಣ್ಣಲು ಕಾಳಿಲ್ಲದ ಮನೆಗೆ ಹದಿಮೂರನೆಯ ತಿಂಗಳು! ಒಂದು ನಾಡಿಗೆ ನೀರು ಹೆಚ್ಚಾದದ್ದು ದುರದೃಷ್ಟ, ಇನ್ನೊಂದಕ್ಕೆ ದಿನ ಹೆಚ್ಚಾದದ್ದು. ಬಯಲುಸೀಮೆಯವರು ಕೂಡಿಟ್ಟದ್ದೂ ಮಳೆಯ ದಿನಕ್ಕಲ್ಲ. ನೆಲದಡಿಯ ಹಗೇವಿನಲ್ಲಿ ಜೋಳ, ರಾಗಿ ತುಂಬಿಟ್ಟದ್ದು ಮಳೆ ಬಾರದ ದಿನಕ್ಕೆ.

ಬಣ್ಣದ ಮಾತೂ ಹಾಗೆಯೇ. ಮನೆತನಕ್ಕೆ ಕೆಟ್ಟ ಹೆಸರು ತಂದವನನ್ನು ಇಂಗ್ಲಿಷರು ‘ಕಪ್ಪು ಕುರಿ’ ಎಂದು ಜರೆಯುತ್ತಾರೆ. ಕಪ್ಪು ಉಣ್ಣೆಗೆ ಬಣ್ಣ ಹತ್ತದು, ಬೆಲೆ ಬಾರದು ಎಂಬುದು ಅಲ್ಲಿನ ಲೆಕ್ಕ. ಕಂಬಳಿಗೆ ಹೆಸರಾದ ಚಳ್ಳಕೆರೆಯಲ್ಲಿ ಬಣ್ಣದ ಹಂಗಿಲ್ಲದ ಕರಿ ಉಣ್ಣೆಗೇ ಮರ್ಯಾದೆ. ಕರಿ ಕಂಬಳಿ ಹಾಸಿಯೇ ದೇವರಿಗೆ ಗದ್ದುಗೆ.

ಹಾಗೆಂದು ಇಂಗ್ಲಿಷರ ಮಾತು ಇಲ್ಲಿ ಪೂರ್ತಿ ಸುಳ್ಳಲ್ಲ. 1933ರ ನಂತರ ತುಂಬಿ ಹರಿಯದಿದ್ದ ಹಿರಿಯೂರಿನ ವಾಣಿವಿಲಾಸ ಸಾಗರ 89 ವರ್ಷಗಳ ಬಳಿಕ, 2022ರ ಸೆಪ್ಟೆಂಬರಿನಲ್ಲಿ ಕೋಡಿ ಬಿತ್ತು. ಆ ನೀರು ಹರಿದದ್ದು ಚಳ್ಳಕೆರೆಯ ಸೀಮೆಯನ್ನು ಹಾಯುವ ವೇದಾವತಿಗೇ. ಕಿತ್ತು ಹಾಕಿದ ಶೇಂಗಾ ಮಳೆಗೆ ನೆನೆದರೆ ಕಾಯಿ ಮೊಳೆಯುತ್ತದೆ, ಹೊಟ್ಟು ಕೊಳೆಯುತ್ತದೆ. ರೇಷ್ಮೆ ಸೀರೆಯ ಮೊಳಕಾಲ್ಮುರಿನಲ್ಲಿ ಕಾಲಿಳಿಬಿಟ್ಟು ಕುಳಿತು ನೇಯುವ ಗುಂಡಿ ಮಗ್ಗಕ್ಕೆ ನೀರು ಜಿನುಗಿದರೆ ನೇಕಾರನ ಕೈ ಕಟ್ಟಿದಂತೆ. ಅದೇ ಮಳೆ ರೈತನ ಹೊಲಕ್ಕೆ ಬಂಗಾರ, ಪಕ್ಕದ ಮನೆಯ ನೇಕಾರನಿಗೆ ‘ಗಾಯದ ಮೇಲೆ ಬರೆ’.

ನುಡಿಗಟ್ಟನ್ನು ಕನ್ನಡಿಸುವಾಗ ನಿಘಂಟಿನ ಜೊತೆಗೆ ಮುಗಿಲನ್ನೂ ನೋಡಬೇಕು. ಯಾರು ಯಾವುದಕ್ಕೆ ಅಂಜುತ್ತಾರೋ ಅದೇ ಅವರ ಗಾದೆಯಾಗುತ್ತದೆ. ಚಳ್ಳಕೆರೆಯ ಹುಡುಗ ‘ರೇನಿ ಡೇ’ ಎಂದರೆ ಒಳ್ಳೆಯ ದಿನ ಎಂದು ಬರೆದರೆ ಮಾಸ್ತರು ಅಂಕ ಕಳೆಯಬಹುದು. ಆದರೆ ಅವನ ಊರಿನ ಮಟ್ಟಿಗೆ ಅದು ತಪ್ಪುತ್ತರವೇನಲ್ಲ.