ಅಂಗಾಂಶ ಗಾಜಿಗೇರುವ ಜಾಗ

ವಿಶ್ವವಿದ್ಯಾಲಯದ ನಾಲ್ಕಾರು ವಿಭಾಗಗಳು ಸೇರಿ ಬಳಸುವ ಪ್ರಯೋಗಾಲಯ ಇದು. ಬಾಗಿಲ ಪಕ್ಕದ ಮೇಜಿನ ಮೇಲೆ ದಪ್ಪ ರಿಜಿಸ್ಟರ್. ಯಾರು, ಯಾವ ಯಂತ್ರ, ಎಷ್ಟು ಹೊತ್ತು, ಬಿಡುವಾಗ ಯಂತ್ರ ಹೇಗಿತ್ತು ಎಂದೆಲ್ಲ ಅದರಲ್ಲಿ ಬರೆಯಬೇಕು. ಕೊನೆಯ ಕಾಲಂನಲ್ಲಿ ಬಹುತೇಕರು ‘ಸರಿ ಇದೆ’ ಎಂದಿದ್ದಾರೆ. ಒಬ್ಬರು ಮಾತ್ರ ‘ಬ್ಲೇಡಿನ ಎಡ ತುದಿ ಮೊಂಡು, ಬಲಭಾಗ ಬಳಸಿ’ ಎಂದು ಬರೆದಿದ್ದಾರೆ. ಮುಖ ಕಾಣದವರ ಬಗ್ಗೆ ಇಷ್ಟು ಕಾಳಜಿ ತೋರಿದ ಆ ಸಾಲು ನನಗೆ ತುಂಬ ಹಿಡಿಸಿತು.

ಒಳಗೆ ಮೊದಲು ಸಿಗುವುದು ಆವಿಯನ್ನು ಹೊರಗೆಳೆಯುವ ಫ್ಯೂಮ್ ಹುಡ್. ಗಾಜಿನ ಹಿಂದೆ ಅಂಗಾಂಶ ಕೆಡದಂತೆ ಕಾಯುವ ಫಾರ್ಮಲಿನ್ ತುಂಬಿದ ಡಬ್ಬಿಗಳು, ಅವುಗಳಲ್ಲೊಂದರಲ್ಲಿ ಸೀಳಿದ ಇಲಿಯ ಮೂತ್ರಪಿಂಡ. ಶೇ 10ರ ಫಾರ್ಮಲಿನ್ ಎಂದರೂ ಅದರಲ್ಲಿರುವ ಫಾರ್ಮಾಲ್ಡಿಹೈಡ್ ಸುಮಾರು ಶೇ 4 ಮಾತ್ರ. ಅದು ಅಂಗಾಂಶದೊಳಗೆ ಇಳಿಯುವುದು ನಿಧಾನ. ತುಂಡು ದಪ್ಪವಾಗಿದ್ದರೆ ಹೊರಗೆ ಗಟ್ಟಿಯಾಗುವ ಹೊತ್ತಿಗೆ ನಡುವಿನ ಭಾಗ ಕೆಡಲು ಶುರುವಾಗಿರುತ್ತದೆ.

ಮುಂದಿನ ಯಂತ್ರ ರಾತ್ರಿಯಿಡೀ ತಾನೇ ಕೆಲಸ ಮಾಡುತ್ತದೆ. ಶೇ 70ರಿಂದ ಶೇ 100ರವರೆಗೆ ಹಂತಹಂತವಾಗಿ ಆಲ್ಕೋಹಾಲ್, ಆಮೇಲೆ ಕ್ಸೈಲೀನ್, ಕೊನೆಗೆ 60 ಡಿಗ್ರಿ ಆಸುಪಾಸಿನಲ್ಲಿ ಕರಗಿದ ಮೇಣ. ಅಂಗಾಂಶದೊಳಗಿನ ನೀರಿಗೂ ಮೇಣಕ್ಕೂ ಆಗಿಬರದ ಕಾರಣ ಇಷ್ಟು ಸುತ್ತು.

ತೆಳು ಪದರ ಕೊಯ್ಯುವ ಮೈಕ್ರೋಟೋಮ್ ಇರುವ ಮೂಲೆಯಲ್ಲಿ ನಾನು ಹೆಚ್ಚು ಹೊತ್ತು ನಿಂತೆ. ಸಂಶೋಧನಾ ವಿದ್ಯಾರ್ಥಿನಿಯೊಬ್ಬರು ಚಕ್ರ ತಿರುಗಿಸುತ್ತಿದ್ದರು. ಒಂದು ಸುತ್ತಿಗೆ ಅಂಗಾಂಶ ಹುದುಗಿದ ಮೇಣದ ಅಚ್ಚಿನಿಂದ 5 ಮೈಕ್ರಾನಿನ ಒಂದು ಪದರ, ಅಂದರೆ ಒಂದು ಮಿಲಿಮೀಟರಿನ 200ನೇ ಒಂದು ಭಾಗ. ಪದರಗಳು ಪಟಾಕಿ ಸರದ ಹಾಗೆ ಒಂದಕ್ಕೊಂದು ಅಂಟಿಕೊಂಡು ಇಳಿಯುತ್ತಿದ್ದವು. ಕುಂಚದ ತುದಿಯಿಂದ ಎತ್ತಿ 42 ಡಿಗ್ರಿಯ ನೀರಿನ ಮೇಲೆ ಬಿಟ್ಟರೆ, ಮುದುರಿದ್ದ ಪದರ ಒಂದೇ ಉಸಿರಿಗೆ ಹರಡಿಕೊಂಡಿತು. ಅಡಿಯಿಂದ ಗಾಜಿನ ಸ್ಲೈಡ್ ತೂರಿಸಿ ಎತ್ತಿಕೊಂಡರು.

ಅಚ್ಚು ಬದಲಾದಾಗಲೆಲ್ಲ ಅವರು ಟಿಶ್ಯೂ ಕಾಗದವನ್ನು ನೀರಿನ ಮೇಲೆ ಎಳೆಯುತ್ತಿದ್ದರು. ಯಾಕೆಂದು ಕೇಳಿದೆ. ಹಿಂದಿನವರ ಅಂಗಾಂಶದ ಚೂರು ತೇಲಿಬಂದು ನಮ್ಮ ಸ್ಲೈಡಿಗೆ ಅಂಟಿದರೆ, ಮೂತ್ರಪಿಂಡದ ನಡುವೆ ಇನ್ಯಾವುದೋ ಅಂಗದ ಕೋಶ ಕಾಣಿಸುತ್ತದಂತೆ. ಅದನ್ನು ‘ಫ್ಲೋಟರ್’ ಅನ್ನುತ್ತಾರೆ. ಹಲವರು ಬಳಸುವ ಜಾಗದಲ್ಲಿ ಈ ಒಂದು ತುಂಡು ಕಾಗದಕ್ಕಿಂತ ಮುಖ್ಯವಾದ ಸಾಧನ ಇನ್ನೊಂದಿಲ್ಲ ಅನ್ನಿಸಿತು.

ಬಣ್ಣ ಹಾಕುವ ಸಿಂಕಿನ ಬಳಿ ಜಾಡಿಗಳ ಸಾಲು. ಹೆಮಟಾಕ್ಸಿಲಿನ್ ಎಂಬ ಬಣ್ಣ ಸಿಗುವುದು ಮಧ್ಯ ಅಮೆರಿಕದ ಮರವೊಂದರ ತಿರುಳಿನಿಂದ. ಅದರಲ್ಲಿ ಅದ್ದಿದ ಸ್ಲೈಡ್ ಕೆಂಪು ನೇರಳೆಯಾಗಿ ಬಂದು, ನಲ್ಲಿ ನೀರಿನ ಕೆಳಗೆ ಕಣ್ಣೆದುರೇ ನೀಲಿಗೆ ತಿರುಗಿತು. ನೀರಿನ ಕ್ಷಾರಗುಣ ಮಾಡುವ ಕೆಲಸ ಇದು. ಆಮೇಲೆ ಇಯೊಸಿನ್‌ನ ಗುಲಾಬಿ.

ಕೊನೆಗೆ ಸೂಕ್ಷ್ಮದರ್ಶಕ. 4 ಪಟ್ಟು, 10, ಆಮೇಲೆ 40. ನೀಲಿ ಚುಕ್ಕೆಗಳೆಲ್ಲ ಕೋಶಕೇಂದ್ರಗಳು. ರಕ್ತ ಸೋಸುವ ದುಂಡನೆಯ ಗ್ಲಾಮೆರುಲಸ್, ಅದರ ಸುತ್ತ ಬಿಳಿ ಅಂಚು. 100 ಪಟ್ಟಿನ ಲೆನ್ಸಿಗೆ ಎಣ್ಣೆ ಬೇಕು. ಅದೇ ಎಣ್ಣೆ ಪಕ್ಕದ 40ರ ಲೆನ್ಸಿಗೆ ಮೆತ್ತಿದರೆ ಮುಂದೆ ಕೂರುವವರಿಗೆಲ್ಲ ಮಂಜು. ಹಾಗಾಗಿ ಲೆನ್ಸ್ ಒರೆಸುವ ಕಾಗದ ಕೈಗೆ ಸಿಗುವಲ್ಲೇ ಇಟ್ಟಿದ್ದಾರೆ.

ನಾಳಗಳ ನಡುವೆ ಒಂದು ಬಿಳಿ ಬಿರುಕು ಕಂಡಿತು. ರೋಗದ ಗುರುತೋ, ಬ್ಲೇಡ್ ಸೀಳಿದ್ದೋ, ಅಂಗಾಂಶ ಕುಗ್ಗಿದ್ದೋ ಎಂದು ಎಷ್ಟು ನೋಡಿದರೂ ನನಗೆ ಬಗೆಹರಿಯಲಿಲ್ಲ. ವಿದ್ಯಾರ್ಥಿನಿ ಅದೇ ಅಚ್ಚನ್ನು ಬ್ಲೇಡಿನ ಬೇರೆ ಭಾಗದಿಂದ ಕೊಯ್ದ ಪದರಗಳನ್ನು ತಂದಿಟ್ಟರು. ಬಿರುಕು ಅಲ್ಲೂ ಅದೇ ಜಾಗದಲ್ಲಿತ್ತು. ಇದು ಬ್ಲೇಡಿನದಿರಲಾರದು ಅಂದರು. ಕುಗ್ಗಿದ್ದೋ ಅಲ್ಲವೋ ತಿಳಿಯಲು ಬೇರೆ ಇಲಿಯ ಅಚ್ಚೊಂದನ್ನು ಕೊಯ್ಯಲು ಎದ್ದರು.