ಒಂದೇ ವಿಳಾಸದ ಎರಡು ಗಣಕಗಳು

ಕನ್ನಡ ಪಂಡಿತನೊಬ್ಬನು ಗಣಕಯಂತ್ರಗಳ ವಿಷಯವಾಗಿ ಲೇಖನಿ ಹಿಡಿಯುವುದು ಅತಿಸಾಹಸವೆಂದು ವಾಚಕರು ಭಾವಿಸಿದರೆ ತಪ್ಪಿಲ್ಲ. ಆದರೆ ಈ ವಿಷಯವು ನನ್ನ ಪಾಲಿಗೆ ಬಂದುದು ಪಾಂಡಿತ್ಯದಿಂದಲ್ಲ, ನಾನೇ ಮಾಡಿದ ಒಂದು ತಪ್ಪಿನಿಂದ. ಕಳೆದ ವರ್ಷ ಪರೀಕ್ಷೆಯ ಅಂಕಗಳನ್ನು ತುಂಬುತ್ತಿದ್ದಾಗ, ಅಂಕಪಟ್ಟಿಯಿದ್ದ ಮುಖ್ಯ ಗಣಕದೊಡನೆ ನನ್ನ ಯಂತ್ರದ ಸಂಪರ್ಕವು ಪದೇ ಪದೇ ಕಡಿದುಹೋಗುತ್ತಿತ್ತು. ಗಣಕ ಕೊಠಡಿಯಲ್ಲಿ ಹತ್ತನೆಯ ತರಗತಿಯ ಒಬ್ಬ ವಿದ್ಯಾರ್ಥಿಯು ಕುಳಿತಾಗಲೆಲ್ಲ ಹೀಗಾಗುವುದನ್ನು ಕಂಡು, ಇದು ಅವನ ಚೇಷ್ಟೆಯೇ ಎಂದು ನಿಶ್ಚಯಿಸಿ ತರಗತಿಯಲ್ಲಿ ಎಲ್ಲರೆದುರಿಗೆ ಗದರಿಸಿದೆನು. ಅವನು ತಲೆತಗ್ಗಿಸಿ ನಿಂತನೇ ಹೊರತು ಮಾತಾಡಲಿಲ್ಲ. ನಮ್ಮ ಗಣಕ ಶಿಕ್ಷಕರು ಮಾತ್ರ, "ಪಂಡಿತರೇ, ಎರಡು ದಿನ ತಾಳಿರಿ, ಪ್ರಯೋಗ ಮಾಡಿಯೇ ನೋಡೋಣ" ಎಂದರು.

ಪ್ರಯೋಗವು ತಿಳಿಯಬೇಕಾದರೆ ಮೊದಲು ಒಂದೆರಡು ಸಂಗತಿಗಳನ್ನು ಅರಿಯಬೇಕು. ಒಂದು ಕಟ್ಟಡದ ಗಣಕಗಳನ್ನು ತಂತಿಗಳ ಮೂಲಕ ಸ್ವಿಚ್ಚು ಎಂಬ ಪೆಟ್ಟಿಗೆಗೆ ಜೋಡಿಸಿದರೆ ಅದು ಸ್ಥಳೀಯ ಜಾಲವೆನಿಸುತ್ತದೆ. ಅದರಲ್ಲಿ ಪ್ರತಿಯೊಂದು ಗಣಕಕ್ಕೂ ಎರಡು ವಿಳಾಸಗಳುಂಟು. 48 ಬಿಟ್ಟುಗಳ ಮ್ಯಾಕ್ ವಿಳಾಸವು ಜಾಲದ ಕಾರ್ಡಿಗೆ ತಯಾರಕರೇ ಕೊಟ್ಟದ್ದು. ತಯಾರಕರಿಗೆ ಅಂಕೆಗಳನ್ನು ಹಂಚುವುದು ಐ.ಇ.ಇ.ಇ. ಎಂಬ ಸಂಸ್ಥೆ. ಐ.ಪಿ. ವಿಳಾಸವಾದರೋ ಜಾಲವನ್ನು ಏರ್ಪಡಿಸಿದವರು ಕೊಡುವಂಥದು. ಒಂದು ಹುಟ್ಟಿನಿಂದ ಬಂದ ಹೆಸರು, ಇನ್ನೊಂದು ವ್ಯವಹಾರನಾಮ ಎನ್ನಬಹುದು. ಇವೆರಡನ್ನೂ ಬೆಸೆಯುವುದು 1982ರಲ್ಲಿ ಡೇವಿಡ್ ಪ್ಲಮರ್ ಅವರು ನಿರೂಪಿಸಿದ ಎ.ಆರ್.ಪಿ. ಎಂಬ ನಿಯಮ. "ಈ ಐ.ಪಿ. ಯಾರದು?" ಎಂದು ಒಂದು ಗಣಕವು ಇಡೀ ಜಾಲಕ್ಕೆ ಡಂಗುರ ಸಾರುತ್ತದೆ, ಆ ಹೆಸರುಳ್ಳದ್ದು "ನನ್ನದು, ನನ್ನ ಮ್ಯಾಕ್ ಇಂಥದು" ಎಂದು ಓಗೊಡುತ್ತದೆ, ಕೇಳಿದ ಗಣಕವು ಅದನ್ನು ಕೆಲಕಾಲ ನೆನಪಿಟ್ಟುಕೊಳ್ಳುತ್ತದೆ.

ಕಚೇರಿಯ ಜಾಲಕ್ಕೆ ಯಾವ ಸಂಬಂಧವೂ ಇರದಂತೆ ಶಿಕ್ಷಕರು ಬೇರೊಂದು ಸ್ವಿಚ್ಚಿಗೆ ಮೂರು ಲಿನಕ್ಸ್ ಗಣಕಗಳನ್ನು ಜೋಡಿಸಿದರು. (ಇಂಥ ಪ್ರಯೋಗವನ್ನು ನಡೆಯುತ್ತಿರುವ ಜಾಲದಲ್ಲಿ ಮಾಡತಕ್ಕದ್ದಲ್ಲ.) ಮೊದಲೆರಡಕ್ಕೆ 192.168.1.20 ಎಂಬ ಒಂದೇ ಐ.ಪಿ. ಕೊಟ್ಟು, ಮೂರನೆಯದರಿಂದ ಆರ್ಪಿಂಗ್ ಎಂಬ ಆದೇಶದ ಮೂಲಕ "ಯಾರದು?" ಎಂದು ಕೇಳಿಸಿದರು. ಒಂದು ಪ್ರಶ್ನೆಗೆ ಎರಡು ಉತ್ತರಗಳು, ಎರಡು ಬೇರೆ ಮ್ಯಾಕ್‌ಗಳಿಂದ! ಮೊದಲ ಉತ್ತರವನ್ನು ನಂಬುವ ವ್ಯವಸ್ಥೆಗಳೂ ಉಂಟು, ಕಡೆಯದನ್ನು ನಂಬುವವೂ ಉಂಟು. ನನಗೆ ನಿಘಂಟಿನ ನಾನಾರ್ಥಪದಗಳು ನೆನಪಾದವು. 'ಅರಿ' ಎಂದರೆ ಶತ್ರುವೂ ಹೌದು, ತಿಳಿಯೆಂಬ ಅರ್ಥವೂ ಹೌದು. ಹಳಗನ್ನಡದಲ್ಲಿ 'ತಿಳಿ' ಎಂಬ ಅರ್ಥದ್ದನ್ನು ಶಕಟರೇಫವು ಬೇರ್ಪಡಿಸುತ್ತಿತ್ತು. ಅದು ಬಿದ್ದುಹೋದ ಮೇಲೆ ಸಂದರ್ಭವೇ ನಮಗೆ ಗತಿ. ಯಂತ್ರಕ್ಕೆ ಸಂದರ್ಭವೆಂಬುದಿಲ್ಲ. ಆದರೂ ಈ ಬಗೆಯ ಜಗಳವು ಬಯಲಿಗೆ ಬರುತ್ತದೆ. ವಿಳಾಸವನ್ನು ಧರಿಸುವ ಮೊದಲು "ಇದು ಬೇರೆ ಯಾರದಾದರೂ ಇದೆಯೇ?" ಎಂದು ವಿಚಾರಿಸಬೇಕೆಂಬ ಕ್ರಮವನ್ನು 2008ರಲ್ಲಿ ಸ್ಟೂವರ್ಟ್ ಚೆಷೈರ್ ಅವರು ವಿಧಿಸಿದ್ದಾರೆ, ವಿಂಡೋಸ್ ಗಣಕಗಳು ಹೀಗೆ ವಿಚಾರಿಸಿ ಎಚ್ಚರಿಕೆಯನ್ನೂ ಕೊಡುತ್ತವೆ.

ಎರಡನೆಯ ಪ್ರಯೋಗದಲ್ಲಿ ಐ.ಪಿ.ಗಳು ಬೇರೆ, ಮ್ಯಾಕ್ ಒಂದೇ. (ಕಾರ್ಡಿನ ಮ್ಯಾಕ್‌ಗೆ ಬದಲಾಗಿ ಬೇರೊಂದನ್ನು ಕೈಯಿಂದ ಬರೆದಿಡಲು ಬರುತ್ತದೆಂಬುದು ನನಗೆ ಅಂದೇ ತಿಳಿದುದು.) ಇಲ್ಲಿ ಮೋಸಹೋಗುವುದು ಸ್ವಿಚ್ಚು. ಯಾವ ಮ್ಯಾಕ್ ಯಾವ ಕಿಂಡಿಯಿಂದ ಮಾತಾಡಿತೆಂಬುದನ್ನು ಅದು ತನ್ನ ಪಟ್ಟಿಯಲ್ಲಿ ಬರೆದುಕೊಂಡು, ಮುಂದೆ ಬರುವ ಓಲೆಗಳನ್ನು ಆ ಕಿಂಡಿಗೇ ಕಳುಹಿಸುತ್ತದೆ. ಎರಡು ಕಿಂಡಿಗಳಲ್ಲಿ ಒಂದೇ ಮ್ಯಾಕ್ ಇದ್ದರೆ, ಕಡೆಯಲ್ಲಿ ಮಾತಾಡಿದವರದೇ ಹಾದಿ. ಮೌನವಾಗಿದ್ದ ಗಣಕದ ಓಲೆಯು ವಾಚಾಳಿಗೆ ಹೋಗುತ್ತದೆ, ಅದು ಐ.ಪಿ. ತನ್ನದಲ್ಲವೆಂದು ಓಲೆಯನ್ನು ಸದ್ದಿಲ್ಲದೆ ಎಸೆಯುತ್ತದೆ.

ಮೂರನೆಯ ಪ್ರಯೋಗವೇ ನಮ್ಮ ಕಥೆ. ಐ.ಪಿ.ಯೂ ಮ್ಯಾಕ್ ಕೂಡ ಒಂದೇ ಆದಾಗ ಎಚ್ಚರಿಕೆಯೇ ಬರುವುದಿಲ್ಲ! ಏಕೆಂದರೆ ಐ.ಪಿ.ಯನ್ನು ಬೇರೆ ಮ್ಯಾಕ್ ಹೇಳಿಕೊಂಡರೆ ಮಾತ್ರ ಗಣಕವು ಅದನ್ನು ವಿರೋಧವೆಂದು ಎಣಿಸುತ್ತದೆ. ತನ್ನದೇ ಮ್ಯಾಕ್ ಕಂಡರೆ ತನ್ನದೇ ದನಿಯೆಂದು ಸುಮ್ಮನಾಗುತ್ತದೆ. ಅರ್ಧ ಹೋಲುವ ಅವಳಿಯನ್ನು ಗುರುತಿಸಬಹುದು, ಪೂರ್ಣ ಹೋಲುವುದನ್ನು ಗುರುತಿಸುವುದು ಕಷ್ಟ. ಮೂರನೆಯ ಗಣಕದಿಂದ ಮೊದಲನೆಯದಕ್ಕೆ ದೊಡ್ಡ ಕಡತವೊಂದನ್ನು ಕಳುಹಿಸುತ್ತಿರುವಾಗ ಎರಡನೆಯದು ಏನನ್ನೋ ನುಡಿಯಿತು. ಸ್ವಿಚ್ಚಿನ ಪಟ್ಟಿ ತಿರುಗಿತು, ಕಡತದ ತುಣುಕು ಎರಡನೆಯದಕ್ಕೆ ತಲುಪಿತು. ಐ.ಪಿ. ತನ್ನದೇ ಆದ್ದರಿಂದ ಅದು ಓಲೆಯನ್ನು ಎಸೆಯಲಿಲ್ಲ. ಇಂಥ ಸಂಪರ್ಕವನ್ನೇ ನಾನು ಅರಿಯೆನೆಂದು ಉತ್ತರಿಸಿತು. ಕಳುಹಿಸುತ್ತಿದ್ದ ಗಣಕವು ಆ ಮಾತನ್ನು ನಂಬಿ ಸಂಪರ್ಕವನ್ನು ಅಲ್ಲಿಯೇ ಮುಗಿಸಿತು. ನನ್ನ ಅಂಕಪಟ್ಟಿಗೆ ಆಗುತ್ತಿದ್ದುದು ಇದೇ.

ಶಿಕ್ಷಕರು ಶೋಧಿಸಲು ಕಾರಣವೂ ದೊರೆಯಿತು. ಮುಖ್ಯ ಗಣಕದಲ್ಲಿ ಹಿಂದೊಮ್ಮೆ ಮ್ಯಾಕ್ ಅನ್ನು ಕೈಯಿಂದ ಬರೆದಿಡಲಾಗಿತ್ತು. ದುರಸ್ತಿಗೆ ಬಂದವರು ಆ ಗಣಕದ ಡಿಸ್ಕನ್ನು ಕೊಠಡಿಯ ಇನ್ನೊಂದು ಯಂತ್ರಕ್ಕೆ ಯಥಾವತ್ತಾಗಿ ನಕಲಿಸಿದಾಗ ಎರಡು ವಿಳಾಸಗಳೂ ಜೊತೆಯಲ್ಲಿ ಹೋಗಿದ್ದವು. ಆ ವಿದ್ಯಾರ್ಥಿಯು ಕುಳಿತುಕೊಳ್ಳುತ್ತಿದ್ದುದು ಆ ಯಂತ್ರದ ಮುಂದೆಯೇ. ಅವನ ಕೆಲಸವೂ ನಡುನಡುವೆ ನಿಂತುಹೋಗುತ್ತಿತ್ತಂತೆ, ಹೇಳಲು ಅಂಜಿದ್ದನು.

ನಕಲು ಗಣಕಕ್ಕೆ ಅದರ ಸ್ವಂತ ಮ್ಯಾಕ್ ಮರಳಿತು, ಬೇರೆ ಐ.ಪಿ.ಯೂ ದೊರೆಯಿತು. ಗದರಿಸಿದ ತರಗತಿಯಲ್ಲಿಯೇ ನಿಂತು ತಪ್ಪು ನನ್ನದೆಂದು ಹೇಳಿದೆನು. ಹುಡುಗನು ಸಂಕೋಚದಿಂದ ಎದ್ದು, "ಗುರುಗಳೇ, ಆ ಸ್ವಿಚ್ಚಿನ ಪಟ್ಟಿ ತಿರುಗುವುದನ್ನು ನಾನೂ ನೋಡಬಹುದೇ?" ಎಂದು ಕೇಳಿದನು.