ಗಿರಿ ಪ್ರವಾಸ: ದಾರಿ ಬಿಟ್ಟು ಏಕೆ ನಡೆಯಬಾರದು?

ನಮ್ಮ ಜಿಲ್ಲೆಯ ಮುಳ್ಳಯ್ಯನಗಿರಿ ಕರ್ನಾಟಕದ ಅತಿ ಎತ್ತರದ ಶಿಖರ. ಎತ್ತರ 1,930 ಮೀಟರ್. ಅದೇ ಸಾಲಿನ ಬಾಬಾಬುಡನ್‌ಗಿರಿಯ ಗುಹೆಗೆ ಮುಸ್ಲಿಮರೂ ಹಿಂದೂಗಳೂ ಭಕ್ತಿಯಿಂದ ಬರುತ್ತಾರೆ. 17ನೇ ಶತಮಾನದಲ್ಲಿ ಬಾಬಾ ಬುಡನ್ ಅವರು ಯೆಮೆನ್‌ನ ಮೋಖಾದಿಂದ ತಂದ ಏಳು ಬೀಜಗಳಿಂದ ಇಲ್ಲಿ ಕಾಫಿ ಆರಂಭವಾಯಿತೆಂದು ಪ್ರತೀತಿ.

ಪ್ರವಾಸದಲ್ಲಿ ಗೈಡ್ "ಹುಲ್ಲಿನ ಮೇಲೆ ಹೋಗಬೇಡಿ" ಎನ್ನುವುದು ಸುಮ್ಮನೆ ಅಲ್ಲ. ಈ ಹುಲ್ಲುಗಾವಲು ಮತ್ತು ಕಣಿವೆಯ ಶೋಲಾ ಕಾಡು ಮಳೆನೀರನ್ನು ಹೀರಿಕೊಂಡು ನಿಧಾನವಾಗಿ ಹಳ್ಳಗಳಿಗೆ ಬಿಡುತ್ತವೆ. ತುಳಿದ ಜಾಗದಲ್ಲಿ ನೆಲ ಗಟ್ಟಿಯಾಗಿ ನೀರು ಇಂಗುವುದಿಲ್ಲ. ಮಣ್ಣನ್ನೂ ಕೊಚ್ಚಿಕೊಂಡು ಹರಿಯುತ್ತದೆ. ಇಲ್ಲಿ ಹುಟ್ಟುವ ವೇದಾವತಿಯ ನೀರೇ ಹಿರಿಯೂರಿನ ವಾಣಿವಿಲಾಸ ಸಾಗರಕ್ಕೆ ಸೇರುತ್ತದೆ. ಗಿರಿ ಕೆಟ್ಟರೆ ಬಯಲುಸೀಮೆಗೂ ತೊಂದರೆ.

ವಿದ್ಯಾರ್ಥಿ ಮಿತ್ರರೇ, ಗಿರಿಗೆ ಹೋದಾಗ ದಾರಿಯಲ್ಲೇ ನಡೆಯೋಣ. ನೀರಿನ ಬಾಟಲಿ, ಚಿಪ್ಸ್ ಕವರ್ ವಾಪಸ್ ತರೋಣ.